ಅಪ್ಪನ ಬಲಗೈ

ಆರಿಸಿದ ಮೇಣದಬತ್ತಿಯ ವಾಸನೆ ಬಂದರೆ ಈಗಲೂ ನನಗೆ ವಿಜಯನಗರದ ಮನೆಯ ಆ ಮಂಗಳವಾರದ ಮಧ್ಯಾಹ್ನ ನೆನಪಾಗುತ್ತದೆ. ಲಕ್ವ ಹೊಡೆದು ಅಪ್ಪನ ಬಲಗೈ ಬಿದ್ದುಹೋಗಿತ್ತು. ಅವರಿಗಾಗಿ ಅಮ್ಮ ಹರಕೆ ಹೊತ್ತಿದ್ದ ಒಂಬತ್ತು ಮಂಗಳವಾರಗಳ ನವೇನಾ ಪ್ರಾರ್ಥನೆ ಅಂದಿಗೆ ಮುಗಿದಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ವಾರಕ್ಕೊಂದರಂತೆ ಒಂಬತ್ತು ಗೆರೆಗಳಿದ್ದವು.

"ಒಂಬತ್ತೂ ಆಯ್ತಮ್ಮ. ಅಪ್ಪನ ಕೈ ಎದ್ದೇ ಇಲ್ಲ," ಎಂದೆ.

ಬತ್ತಿ ಆರಿಸಿ ಗೋಡೆಗೊರಗಿದ್ದ ಅಮ್ಮ ಮೆಲ್ಲನೆ ಎದ್ದರು. ಅಪ್ಪನ ತಣ್ಣನೆಯ ಬಲಗೈಯನ್ನು ಎರಡೂ ಕೈಗಳಿಂದ ಎತ್ತಿ, ಹಣೆಗೆ, ಎದೆಗೆ, ಭುಜಗಳಿಗೆ ಮುಟ್ಟಿಸಿ ಶಿಲುಬೆಯ ಗುರುತು ಹಾಕಿಸಿದರು.

"ಎದ್ದಿತಲ್ಲ ಕಣೇ," ಎಂದರು ಏದುಸಿರು ಬಿಡುತ್ತಾ. "ಒಬ್ರೇ ಎತ್ತಬೇಕು ಅಂತ ದೇವ್ರೇನೂ ಹೇಳಿಲ್ಲ. ಮುಂದಿನ್ವಾರ ನೀನೂ ಒಂದ್ಕೈ ಹಿಡ್ಕೋ, ನಿಮ್ಮಪ್ಪ ಭಾರ."

ಅಪ್ಪನ ಬಾಯಿ ಒಂದೇ ಪಕ್ಕದಲ್ಲಿ ನಕ್ಕಿತು.

ನಾನು ಒಂಬತ್ತು ಗೆರೆಗಳ ಕೆಳಗೆ ಮುಂದಿನ ಮಂಗಳವಾರದ ತಾರೀಖು ಬರೆದೆ.