ಅಣ್ಣನ ಮಾವಿನ ಹೊಗೆ

ಒಂದಾನೊಂದು ಮನೆಯಲ್ಲಿ ಕಣ್ಣು ಕಾಣದ ಅಜ್ಜಿಯೊಬ್ಬಳು, ಮೊಮ್ಮಗ ಬರುವವರೆಗೆ ಅನ್ನ ಮುಟ್ಟೆನೆಂದು ತಟ್ಟೆ ತಳ್ಳಿ ಕೂತಿದ್ದಳು. ಅವನು ಬೈಕಿನಿಂದ ಬಿದ್ದು ಸತ್ತದ್ದನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

"ಇವತ್ತು ಹೇಗಾದರೂ ಉಣ್ಣಿಸ್ತೀನಮ್ಮ," ಎಂದು ಮೊಮ್ಮಗಳು ತಾಯಿಗೆ ಮಾತು ಕೊಟ್ಟಳು. ಅಣ್ಣ ಬಂದನೆಂದು ಅಜ್ಜಿಗೆ ತಿಳಿಯುತ್ತಿದ್ದುದು ಅವನ ವೇಪ್ ಎಂಬ ಬ್ಯಾಟರಿ ಸಿಗರೇಟಿನ ಮಾವಿನ ವಾಸನೆಯಿಂದ. ಮೊಮ್ಮಗಳು ಆ ಸಿಗರೇಟನ್ನು ಹುಡುಕಿ ತೆಗೆದು ಎಳೆದಳು. ಹೊಗೆಯೇ ಬರಲಿಲ್ಲ. ಪವರ್ ಏರಿಸಿದರೆ ಸುಟ್ಟ ನಾತ. ಅಳುತ್ತ ಅಣ್ಣನ ಗೆಳೆಯನಿಗೆ ಫೋನ್ ಮಾಡಿದಳು.

"ಒಳಗಿನ ಹತ್ತಿ ಕರಕಲಾಗಿದೆ ಕಣಮ್ಮ. ತಂತಿ ಸುರುಳಿಯೊಳಗೆ ಹೊಸ ಹತ್ತಿ ತೂರಿಸಿ, ಅದರ ಮಾವಿನ ದ್ರವದಲ್ಲಿ ನೆನೆಸು. ಆಮೇಲೆ ಪವರ್ ಕಡಿಮೆಯಿಂದ ಶುರುಮಾಡಿ ನಿಧಾನಕ್ಕೆ ಏರಿಸು."

ಅಜ್ಜಿ ದೀಪದ ಬತ್ತಿ ಹೊಸೆಯುತ್ತಿದ್ದಳು.

"ಒಂದು ಚೂರು ಹತ್ತಿ ಕೊಡಜ್ಜಿ."

ಅಜ್ಜಿಯ ಕೈ ಗಳಿಗೆ ಹೊತ್ತು ನಿಂತಿತು. ಆಮೇಲೆ ಕೊಟ್ಟಳು.

ಈ ಸಲ ದಟ್ಟ ಹೊಗೆ ಬಂತು. ಮೊಮ್ಮಗಳು ಕೆಮ್ಮು ನುಂಗಿಕೊಂಡು, ಅಣ್ಣನ ಹಾಗೆ ಬಾಗಿಲಲ್ಲಿ ನಿಂತು ಊದಿದಳು. "ಅಣ್ಣ ಬಂದ ನೋಡಜ್ಜಿ."

"ಆ ಸಿಗರೇಟಿಗೆ ಹತ್ತಿ ಯಾವಾಗಲೂ ಅವನೇ ಬಂದು ಇಸ್ಕೊಳ್ತಿದ್ದ ಕಣೆ. ಇದ್ದಿದ್ರೆ ಇವತ್ತೂ ಅವನೇ ಕೇಳ್ತಿದ್ದ," ಎಂದು ಅಜ್ಜಿ ತಟ್ಟೆ ಎಳೆದುಕೊಂಡು ಮೊದಲ ತುತ್ತು ಬಾಯಿಗಿಟ್ಟಳು.