ತುಟಿ ಮರಗಟ್ಟಿದ ಹೊತ್ತು

"ಇನ್ನು ಐದೇ ನಿಮಿಷ. ಬಾಯಿ ತೆರೆದ್ಯೋ, ಕ್ರೀಮೆಲ್ಲ ಹೊಟ್ಟೆಗೆ ಹೋಗುತ್ತೆ. ತೆಪ್ಪಗೆ ಒರಗಿರು," ಎಂದು ಗದರಿಸಿ ಅತ್ತಿಗೆ ಯಂತ್ರಕ್ಕೆ ಹೊಸ ಸೂಜಿ ಸಿಕ್ಕಿಸತೊಡಗಿದಳು. ಪಾರ್ಲರಿನ ಕುರ್ಚಿಯಲ್ಲಿದ್ದ ನಾದಿನಿಯ ತುಟಿಗಳಿಗೆ ನೋವು ತಿಳಿಯದಂತೆ ಮರಗಟ್ಟಿಸುವ ಕ್ರೀಮು ಮೆತ್ತಿ, ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿಯಾಗಿತ್ತು. ಮನೆಯವರೆಲ್ಲ ರೇಡಿಯೋ ಎಂದು ಕರೆಯುವ ಈ ಹೆಂಗಸು ಕಾಲು ಗಂಟೆ ಬಾಯಿ ಮುಚ್ಚಿ ಕೂತದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಆದರೆ ಅಷ್ಟು ಮಾತಾಡುವವಳೂ ಒಂದು ವಿಷಯ ಮಾತ್ರ ಎತ್ತುತ್ತಿರಲಿಲ್ಲ. ಮದುವೆಯಾಗಿ ಎಂಟು ವರ್ಷ. ತಿಂಗಳು ತಿಂಗಳೂ ಕಾದು, ತುಟಿ ಕಚ್ಚಿ ಅಳು ನುಂಗಿ, ಕೆಳತುಟಿಯ ಬಣ್ಣವೇ ಕೆಟ್ಟುಹೋಗಿತ್ತು. ಎರಡು ವರ್ಷ ಅಳಿಸದ ಗುಲಾಬಿ ಬಣ್ಣವನ್ನು ಹಚ್ಚೆಯಂತೆ ಸೂಜಿಯಿಂದ ಚುಚ್ಚಿ ಅಲ್ಲಿ ಕೂರಿಸುವುದು ಅತ್ತಿಗೆ ಕೊಡುತ್ತಿರುವ ಹುಟ್ಟುಹಬ್ಬದ ಉಡುಗೊರೆ.

ತೊಡೆಯ ಮೇಲಿದ್ದ ಫೋನು ಗುಯ್‌ಗುಟ್ಟಿತು. ಬೆಳಿಗ್ಗೆ ರಕ್ತ ಕೊಟ್ಟುಬಂದಿದ್ದ ಲ್ಯಾಬಿನ ಮೆಸೇಜು. ವಾರದಿಂದ ತಲೆಸುತ್ತು ಎಂದು ಹೋದವಳಿಗೆ ಡಾಕ್ಟರಮ್ಮ ಐದಾರು ಪರೀಕ್ಷೆ ಗೀಚಿ ಕೊಟ್ಟಿದ್ದರು. ಯಾವುದು ಯಾತಕ್ಕೆಂದು ಇವಳು ಕೇಳಿಯೂ ಇರಲಿಲ್ಲ. ಮೈಯಲ್ಲಿ ರಕ್ತ ಕಡಿಮೆ ಇರಬೇಕು ಅಂದುಕೊಂಡೇ ತೆರೆದಳು. ಕೊನೆಯ ಸಾಲು ಓದಿದಳು. ಇನ್ನೊಮ್ಮೆ ಓದಿದಳು. ಮೇಲಿರುವ ಹೆಸರು ಬೇರೆ ಯಾರದ್ದೋ ಇರಬಹುದೆಂದು ನೋಡಿದಳು. ತನ್ನದೇ!

"ಮ್ಮ್! ಮ್ಮ್‌ಮ್ಮ್!"

"ಏನೇ, ಉರೀತಿದ್ಯಾ? ಸ್ವಲ್ಪ ತಡ್ಕೋ."

ರೇಡಿಯೋ ಕುರ್ಚಿಯಿಂದ ಧುಮುಕಿ ಎರಡೂ ಕೈಯಲ್ಲಿ ಹೊಟ್ಟೆ ತೋರಿಸಿದಳು.

"ಹಸಿವಾ? ತಿಂದ್ಕೊಂಡು ಬಾ ಅಂತ ಬಡ್ಕೊಂಡೆ, ನೀನೆಲ್ಲಿ ಕೇಳ್ತೀಯ! ಕೂತ್ಕೋ, ಸೂಜಿ ರೆಡಿ ಆಯ್ತು," ಎಂದು ಅತ್ತಿಗೆ ಯಂತ್ರ ಚಾಲೂ ಮಾಡಿಯೇಬಿಟ್ಟಳು. ಅದು ಜೀರುಂಡೆಯಂತೆ ಝೇಂಕರಿಸಿದ್ದೇ ತಡ, ನಾದಿನಿ ಗೋಡೆಗೆ ಬೆನ್ನು ಹಚ್ಚಿ ನಿಂತು ಫೋನನ್ನು ಅತ್ತಿಗೆಯ ಮೂಗಿಗೇ ಹಿಡಿದಳು. ಅತ್ತಿಗೆ ಕನ್ನಡಕ ಮೇಲೇರಿಸಿ ಓದಿದಳು. ಯಂತ್ರ ತಟ್ಟೆಗೆ ಬಿತ್ತು, ಬಣ್ಣದ ಬಟ್ಟಲು ಉರುಳಿತು, ಹೊಸ ಟವೆಲ್ಲೆಲ್ಲ ಗುಲಾಬಿಯಾಯಿತು. ಅವಳಿಗೆ ಯಾವುದರ ಮೇಲೂ ಗಮನವಿಲ್ಲ.

"ಅಯ್ಯೋ ನನ್ನವ್ವ! ನಿಜವೇನೇ! ನಿಜವೇನೇ!" ಎಂದು ತಬ್ಬಿಕೊಂಡು ಎರಡು ಸುತ್ತು ತಿರುಗಿಸಿದಳು. ಮರುಕ್ಷಣ ಆ ತುಟಿಗಳ ಮೇಲಿನ ಕ್ರೀಮು ಕಂಡು ಅವಳ ಜೀವ ಬಾಯಿಗೆ ಬಂತು. ಹಾಳೆ ಕಿತ್ತು, ಒದ್ದೆ ಹತ್ತಿಯಲ್ಲಿ ಒರೆಸಿ, "ಉಗಿ, ಉಗಿ! ಒಂಚೂರೇನಾದ್ರೂ ನುಂಗಿದ್ಯಾ? ಸುಳ್ಳು ಹೇಳ್ಬೇಡ!" ಎಂದು ಬಾಯಿ ಮುಕ್ಕಳಿಸಲು ನೀರು ಕೊಟ್ಟು, ಡಾಕ್ಟರಮ್ಮನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿ, ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ಒರೆಸಿದ್ರಲ್ಲ, ಆಯ್ತು. ಅಷ್ಟು ಹಚ್ಚಿದ್ದಕ್ಕೆ ಗಾಬರಿ ಬೀಳೋದೇನಿಲ್ಲ," ಎಂದಿತು ಆ ಕಡೆಯ ದನಿ. "ಆದ್ರೆ ಸೂಜಿ ಬೇಡ, ಬಣ್ಣ ಕೂರ್ಸೋದು ಬೇಡ, ತುಟಿ ಉಬ್ಬಿಸೋ ಇಂಜೆಕ್ಷನ್ನೂ ಬೇಡ."

"ಅದರಿಂದ ಮಗೂಗೆ ತೊಂದ್ರೆ ಆಗುತ್ತಾ ಡಾಕ್ಟ್ರೇ?"

"ಆಗುತ್ತೆ ಅಂತ ಹೇಳೋಕೂ ಬರಲ್ಲ, ಆಗಲ್ಲ ಅಂತ ಹೇಳೋಕೂ ಬರಲ್ಲ. ಬಸುರಿಯರ ಮೇಲೆ ಅದನ್ನೆಲ್ಲ ಯಾರು ಪ್ರಯೋಗ ಮಾಡಿ ನೋಡ್ತಾರೆ ಹೇಳಿ? ಚುಚ್ಚಿದ ಕಡೆ ನಂಜಾದ್ರೆ ಅದೊಂದು ಬೇರೆ ಪೀಕಲಾಟ. ಹೆರಿಗೆ ಆಗ್ಲಿ, ಮಗು ಎದೆಹಾಲು ಬಿಡ್ಲಿ, ಆಮೇಲೆ ನೋಡೋಣ. ಅಲ್ಲೀತನಕ ಒಂದು ತೊಟ್ಟು ಕೊಬ್ಬರಿ ಎಣ್ಣೆ, ಇಲ್ಲಾಂದ್ರೆ ವಾಸನೆ ಇಲ್ದಿರೋ ಜೇನುಮೇಣದ ಮುಲಾಮು ಸವರ್ಕೊಂಡ್ರೆ ಸಾಕು. ನೀರು ಚೆನ್ನಾಗಿ ಕುಡೀಲಿ. ನಾಳೆ ಬೆಳಿಗ್ಗೆ ಬಂದು ನನ್ನ ನೋಡ್ಲಿ. ಮತ್ತೆ... ತುಂಬಾ ಸಂತೋಷ ಆಯ್ತಮ್ಮ!"

ಫೋನಿಟ್ಟ ಅತ್ತಿಗೆ ಸ್ಟೂಲಿನ ಮೇಲೆ ಕೂತಳು. ಕಣ್ಣಿಗೆ ಬಿದ್ದದ್ದು ಮೇಜಿನ ಮೇಲಿದ್ದ ಫಾರ್ಮು. ಸೂಜಿ ಮುಟ್ಟುವ ಮೊದಲು ಬಂದವರಿಗೆಲ್ಲ ಅವಳು ಕೇಳುವ ಮೊದಲ ಪ್ರಶ್ನೆಯೇ "ಬಸುರಿಯಾ?" ಎಂದು. ಮದುವೆಯಾಗದ ಹುಡುಗಿಯರನ್ನೂ ಬಿಟ್ಟವಳಲ್ಲ. ಅದಕ್ಕಾಗಿ ಅವರ ತಾಯಂದಿರಿಂದ ಉಗಿಸಿಕೊಂಡದ್ದೂ ಇದೆ. ಇವಳೊಬ್ಬಳನ್ನು ಮಾತ್ರ ಕೇಳಿರಲಿಲ್ಲ. ಮನೆಯಲ್ಲಿ ಎಷ್ಟೋ ವರ್ಷದಿಂದ ಯಾರೂ ಅವಳಿಗೆ ಆ ಪ್ರಶ್ನೆ ಕೇಳುವುದಿಲ್ಲ. ನೋಯಬಾರದೆಂದು ತಾನೇ "ಇಲ್ಲ" ಎಂಬಲ್ಲಿ ಗುರುತು ಹಾಕಿ ಫಾರ್ಮು ಮಗುಚಿಟ್ಟಿದ್ದಳು.

"ಕೇಳ್ಬೇಕಿತ್ತು ಕಣೇ. ನಿನ್ನ ಮುಖ ನೋಡಿ ಬಾಯೇ ಬರ್ಲಿಲ್ಲ. ಐದು ನಿಮಿಷ ತಡವಾಗಿದ್ರೆ ನನ್ನ ಕೈಯಿಂದ್ಲೇ..." ಎನ್ನುತ್ತಾ ಅತ್ತಿಗೆ ಅತ್ತೇಬಿಟ್ಟಳು.

"ಕೇಳಿದ್ರೂ ನಾನು ಇಲ್ಲ ಅಂತಾನೇ ಅಂತಿದ್ದೆ, ಬಿಡಿ ಅತ್ತಿಗೆ," ಎಂದಳು ರೇಡಿಯೋ. ಮಾತು ದಪ್ಪದಪ್ಪಗೆ ಹೊರಬಿತ್ತು. "ಎಂಟು ವರ್ಷದಿಂದ ಬಾಯಿಪಾಠ ಆಗಿದೆ."

ಅತ್ತಿಗೆ ಕಣ್ಣೊರೆಸಿಕೊಂಡು ಎದ್ದು, ಕೊಬ್ಬರಿ ಎಣ್ಣೆಯ ಸೀಸೆ ತಂದು, ಒಂದೇ ತೊಟ್ಟನ್ನು ಬೆರಳ ತುದಿಗೆ ತೆಗೆದು ಆ ಒಡಕು ತುಟಿಗಳಿಗೆ ಸವರಿದಳು. ಇಷ್ಟು ಹಗುರವಾಗಿ ಅವಳು ಯಾವ ಗಿರಾಕಿಯನ್ನೂ ಮುಟ್ಟಿದವಳಲ್ಲ. "ಹೂಂ, ಗಂಡಂಗೆ ಫೋನ್ ಹಚ್ಚು! ನಾನು ಹೇಳ್ಬಿಡ್ಲಾ?"

"ಏ, ಮುಟ್ಬೇಡಿ! ನಾನೇ ಹೇಳ್ಬೇಕು. ಮುಖ ನೋಡ್ಕೊಂಡೇ ಹೇಳ್ಬೇಕು," ಎಂದು ಫೋನನ್ನು ಎದೆಗವಚಿಕೊಂಡ ರೇಡಿಯೋ ವಿಡಿಯೋ ಕಾಲ್ ಮಾಡಿದಳು. ಒಂದು ರಿಂಗು, ಎರಡು ರಿಂಗು. ಪರದೆಯ ಮೇಲೆ ಗಂಡನ ಮುಖ ಮೂಡಿತು. ಹಿಂದೆ ಅವನ ಗ್ಯಾರೇಜಿನ ಗದ್ದಲ, ಹಣೆಯ ಮೇಲೆ ಗ್ರೀಸು. ಅವನು ಹೆಂಡತಿಯನ್ನು ನೋಡಿದ್ದೇ ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗೆ ಹಾಕಿದ.

"ಏನಾಯ್ತೇ? ಯಾಕೆ ಹೀಗೆ ಅಳ್ತಿದೀಯ?"

ಅವಳು ಕೆನ್ನೆ ಮುಟ್ಟಿಕೊಂಡಳು. ಅಂಗೈಯೆಲ್ಲ ಒದ್ದೆ. ಇನ್ನೂ ಜೋಮು ಬಿಡದ ತುಟಿಗಳನ್ನು ತಡವಿಕೊಳ್ಳುತ್ತಾ, ಅನುಮಾನದಿಂದ ಅತ್ತಿಗೆಯ ಕಡೆ ತಿರುಗಿದಳು.

"ಅತ್ತಿಗೆ, ನಾನು ನಗ್ತಾ ಇಲ್ವಾ?"