ನೀರಿನ ಇಂಕು

ಅಗಸೆ ಎಣ್ಣೆ ಬೆರೆತ ಇಂಕಿನ ವಾಸನೆ ಎಲ್ಲಿ ಬಂದರೂ ಈಗಲೂ ನನಗೆ ತರೀಕೆರೆಯ ಆ ಅಂಗಡಿ ನೆನಪಾಗುತ್ತದೆ.

ಅಕ್ಕ ಒಂದು ತಿಂಗಳು ಕೂತು ಮರದ ಹಲಗೆಯ ಮೇಲೆ ಅಜ್ಜಂಪುರದ ರೈಲ್ವೆ ಸ್ಟೇಷನ್ ಕೆತ್ತಿದ್ದಳು. ಅದರ ಅಚ್ಚು ತೆಗೆದು ಮರುದಿನವೇ ಚಿತ್ರಕಲಾ ಶಾಲೆಗೆ ತಲುಪಿಸಬೇಕಿತ್ತು. ಅದನ್ನು ನೋಡಿಯೇ ಸೀಟು ಕೊಡುತ್ತಿದ್ದರು. ಎಣ್ಣೆ ಇಂಕನ್ನೇ ತರಬೇಕೆಂದು ಹೇಳಿ ನನ್ನನ್ನು ಅಮ್ಮನ ಜೊತೆ ಕಳಿಸಿದಳು.

ಅಂಗಡಿಯವರು ಎರಡು ಡಬ್ಬಿಗಳ ಮುಚ್ಚಳ ತೆಗೆದರು. “ನೀರಿಂದು ಈ ಬಿಸಿಲಿಗೆ ಬೇಗ ಒಣಗ್ಬಿಡುತ್ತೆ ಕಣ್ರೀ. ಎಣ್ಣೇದು ಚೆನ್ನಾಗಿ ಕೂರುತ್ತೆ, ಆದ್ರೆ ಉಗುರಿಂದ ನಾಕು ದಿನ ಹೋಗಲ್ಲ.”

“ನೀರಿಂದೇ ಕೊಡಿ. ಸಂಜೆ ಹೆಣ್ಣು ನೋಡಕ್ಕೆ ಬತ್ತಾರೆ” ಎಂದಳು ಅಮ್ಮ. ಬಸ್ಸಿನಲ್ಲಿ ನನಗೆ ಹೇಳಿದಳು, “ಎಣ್ಣೇದು ಇರ್ಲಿಲ್ಲ ಅನ್ನು ಕಣೇ.”

ಹಾಗೇ ಅಂದೆ.

ಅಕ್ಕ ಹಲಗೆಗೆ ಇಂಕು ಸವರಿ ಕಾಗದ ಇಡುವಷ್ಟರಲ್ಲಿ ಅದು ಒಣಗಿಬಿಡುತ್ತಿತ್ತು. ಐದು ಹಾಳೆಯಲ್ಲೂ ಸ್ಟೇಷನ್ ತೇಪೆ ತೇಪೆಯಾಗಿ ಬಂತು. ಐದನ್ನೂ ಒಲೆಗೆ ಹಾಕಿ ಕೈ ತೊಳೆದಳು. ಒಂದೇ ಚೊಂಬು ನೀರಿಗೆ ಇಂಕೆಲ್ಲ ಹೋಯಿತು.

ಸಂಜೆ ಹುಡುಗನ ತಾಯಿ ಅವಳ ಕೈ ಹಿಡಿದು ತಿರುಗಿಸಿ ನೋಡಿ, “ಎಷ್ಟು ಚೊಕ್ಕವಾಗೈತೆ ಹುಡುಗಿ ಕೈ” ಎಂದರು. ಅಮ್ಮ ನಕ್ಕಳು.

ಅವರು ಹೋದ ಮೇಲೆ ಲೋಟ ತೊಳೆಯುತ್ತಾ ಅಕ್ಕ ಕೇಳಿದಳು, “ಲೇ, ಅಂಗಡೀಲಿ ಎಣ್ಣೇದು ನಿಜ್ವಾಗ್ಲೂ ಇರ್ಲಿಲ್ವೇನೇ?”

“ಇರ್ಲಿಲ್ಲ ಕಣಕ್ಕ.”

“ಹೋಗ್ಲಿ ಬಿಡು, ನೀನೇನ್ ಮಾಡ್ತೀಯ” ಎಂದು ಒದ್ದೆ ಕೈಯಲ್ಲಿ ನನ್ನ ತಲೆ ಸವರಿದಳು.